ಸುರುಳಿ ನೋಡಿ ಕೀಳುವ ಸೊಪ್ಪಲ್ಲ

ಜೂನ್ ಬಂತೆಂದರೆ ಕುವೈತಿನಲ್ಲಿರುವ ಕೊಡಗು, ಸುಳ್ಯ, ಮಲೆನಾಡಿನ ಕಡೆಯವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಚಿತ್ರಗಳು ಬರತೊಡಗುತ್ತವೆ. ರಜೆಗೆ ಊರಿಗೆ ಹೋದವರು ತೋಡಿನ ಬದಿಯಲ್ಲೋ ಕಾಫಿ ತೋಟದ ಅಂಚಿನಲ್ಲೋ ನಿಂತು ತೆಗೆದವು. ಹಸಿರು ದಂಟು, ಅದರ ತುದಿಯಲ್ಲಿ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ಎಳೆ ಸುರುಳಿ. ಕೆಳಗೊಂದು ಪ್ರಶ್ನೆ: "ಇದು ತೆರ್ಮೆ ಸೊಪ್ಪಾ? ತಿನ್ನಬಹುದಾ?" ಅಬು ಹಲೀಫಾದಲ್ಲಿ ಕೂತವರು, ಮಂಗಾಫ್‌ನಲ್ಲಿ ಕೂತವರು, ಹೊರಗೆ ಕಾಲಿಡಲಾಗದ ಬಿಸಿಲಿನಲ್ಲಿ ಫೋನು ಹಿಡಿದವರು ಕೂಡಲೇ ಉತ್ತರ ಕೊಡುತ್ತಾರೆ. "ಹೌದು, ಅದೇ. ನಮ್ಮಜ್ಜಿ ಮಾಡುತ್ತಿದ್ದರು."

ಈ ಉತ್ತರ ನನಗೆ ಪ್ರತಿ ವರ್ಷವೂ ಭಯ ಹುಟ್ಟಿಸುತ್ತದೆ. ಅಜ್ಜಿ ಮಾಡುತ್ತಿದ್ದ ಪಲ್ಯದ ನೆನಪು ನಮಗಿದೆ, ಅಜ್ಜಿ ಗಿಡ ಗುರುತಿಸುತ್ತಿದ್ದ ಬಗೆ ನಮಗೆ ಗೊತ್ತಿಲ್ಲ. ಎರಡರ ನಡುವಿನ ಅಂತರ ಸಣ್ಣದೇನಲ್ಲ. ಎಳೆ ಎಲೆ ಸುರುಳಿಯಾಗಿ ಹುಟ್ಟಿ ಬಿಚ್ಚಿಕೊಳ್ಳುವುದು ಹೆಚ್ಚುಕಡಿಮೆ ಎಲ್ಲ ಜರೀಗಿಡಗಳ ಗುಣ. ಪಶ್ಚಿಮ ಘಟ್ಟದಲ್ಲಿ ನೂರಾರು ಜಾತಿಯ ಜರೀಗಿಡಗಳಿವೆ. ಅವುಗಳಲ್ಲಿ ನಮ್ಮವರು ಅಡುಗೆಗೆ ತಂದದ್ದು ಬೆರಳೆಣಿಕೆಯಷ್ಟನ್ನು ಮಾತ್ರ. ಕೆಲವು ವಿಷ, ಹಲವು ಕಹಿ, ಉಳಿದವುಗಳ ಉಸಾಬರಿಗೆ ಯಾರೂ ಹೋಗಿಲ್ಲ. ಬರೀ ಸುರುಳಿಯ ಚಿತ್ರ ನೋಡಿ ಇದು ತಿನ್ನುವ ಸೊಪ್ಪು ಎಂದು ಸಸ್ಯಶಾಸ್ತ್ರದ ಪ್ರಾಧ್ಯಾಪಕರೂ ಹೇಳಲಾರರು.

ಕೊಡವರು ತೆರ್ಮೆ ತೊಪ್ಪು ಎನ್ನುವ, ಕೊಡಗಿನ ಕನ್ನಡದಲ್ಲಿ ತೆರ್ಮೆ ಸೊಪ್ಪಾದ ಈ ಗಿಡದ ಶಾಸ್ತ್ರೀಯ ಹೆಸರು ಡಿಪ್ಲೇಜಿಯಮ್ ಎಸ್ಕ್ಯುಲೆಂಟಮ್. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ರೆಟ್ಜಿಯಸ್ 1791ರಲ್ಲಿ ಇದನ್ನು ವರ್ಣಿಸಿದರು. 1803ರಲ್ಲಿ ಅವರದೇ ದೇಶದ ಓಲೋಫ್ ಸ್ವಾರ್ಟ್ಜ್ ಈಗಿನ ಕುಲಕ್ಕೆ ಸೇರಿಸಿದರು. ಪುಸ್ತಕಕ್ಕೆ ಅಷ್ಟು ಸಾಕು. ತೋಡಿನ ಬದಿಯಲ್ಲಿ ನಿಂತವರಿಗೆ ಬೇಕಾದ್ದು ಬೇರೆ.

ಮೊದಲು ಜಾಗ ನೋಡಬೇಕು. ತೆರ್ಮೆ ನೀರಿನ ಗಿಡ. ತೋಡಿನ ಅಂಚು, ಗದ್ದೆಯ ಪಕ್ಕದ ಕಾಲುವೆ, ಕೊಲ್ಲಿಯಲ್ಲಿ ನೀರು ಹರಿದು ಮರಳು ನಿಂತ ಕಡೆ, ಅರೆನೆರಳು. ಕಾಲಿಟ್ಟರೆ ಕೆಸರು, ಕೈಯಿಟ್ಟರೆ ಜಿಗಣೆ. ಒಣ ಗುಡ್ಡದ ಮೇಲೆ, ಹುಲ್ಲುಗಾವಲಿನ ಬಿಸಿಲಿನಲ್ಲಿ ಸಾಲುಸಾಲಾಗಿ ಎದ್ದು ನಿಂತ ಜರೀಗಿಡ ತೆರ್ಮೆ ಅಲ್ಲ ಎಂದೇ ಹೊರಡಿ.

ಆಮೇಲೆ ಬುಡ. ತೆರ್ಮೆಯ ಎಲೆಗಳೆಲ್ಲ ಒಂದೇ ಬುಡದಿಂದ ಗುಂಪಾಗಿ ಮೇಲೇಳುತ್ತವೆ. ಹಳೆಯ ಗಿಡದಲ್ಲಿ ಆ ಬುಡ ನೆಲದಿಂದ ಸ್ವಲ್ಪ ಮೇಲೆ ಬಂದು ಮೋಟು ಕಾಂಡದಂತೆ ನಿಂತಿರುವುದೂ ಉಂಟು. ಬಲಿತ ಎಲೆ ಆಳೆತ್ತರಕ್ಕೆ ಬೆಳೆಯಬಲ್ಲದು. ನಡುದಂಟಿನ ಎರಡೂ ಬದಿಗೆ ಗರಿ, ಆ ಗರಿಗೆ ಮತ್ತೆ ಗರಿ. ಎಳೆಯ ಗಿಡದಲ್ಲಿ ಮಾತ್ರ ಒಂದೇ ಸುತ್ತಿನ ಗರಿ ಇರುತ್ತದೆ, ಅದನ್ನು ನೋಡಿ ಬೇರೆ ಗಿಡವೆಂದು ಬಿಟ್ಟು ಹೋಗುವವರೂ ಇದ್ದಾರೆ.

ಇನ್ನು ಎಳೆ ದಂಟನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಸುರುಳಿಯ ಮೇಲೆ, ದಂಟಿನ ಬುಡದಲ್ಲಿ, ಕಂದು ಬಣ್ಣದ ತೆಳ್ಳನೆ ಸಿಪ್ಪೆಗಳಿರುತ್ತವೆ. ಕೂದಲಲ್ಲ, ಸಿಪ್ಪೆ. ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒರೆಸಿದರೆ ಉದುರುತ್ತವೆ, ಕೆಳಗೆ ನುಣುಪಾದ ಹಸಿರು ದಂಟು ಕಾಣುತ್ತದೆ. ಅದನ್ನು ಬಗ್ಗಿಸಿದರೆ ಟಪ್ಪೆಂದು ಮುರಿಯಬೇಕು. ಬಾಗಿ ನಾರು ಬಿಟ್ಟರೆ ಬಲಿತಿದೆ, ಬಿಡಿ. ಕೊನೆಯದಾಗಿ ಅದೇ ಬುಡದ ಬಲಿತ ಎಲೆಯೊಂದನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ನರಗಳ ಗುಂಟ ಸಣ್ಣ ಕಂದು ಗೆರೆಗಳು ಓರೆಯಾಗಿ ಎಳೆದಂತಿರುತ್ತವೆ. ಬೀಜಕಗಳು ಇರುವುದು ಆ ಗೆರೆಗಳಲ್ಲಿ. ಚುಕ್ಕೆಯಂತಿದ್ದರೆ ಅಥವಾ ಎಲೆಯಂಚಿನ ಮಡಿಕೆಯಲ್ಲಿ ಅಡಗಿದ್ದರೆ ಅದು ಬೇರೆಯೇ ಜಾತಿ. ಹಿರಿಯರು ಇದನ್ನೆಲ್ಲ ಬಿಡಿಬಿಡಿಯಾಗಿ ಹೇಳುತ್ತಿರಲಿಲ್ಲ. ಜಾಗ, ಬುಡ, ಸಿಪ್ಪೆ, ಮುರಿಯುವ ಸದ್ದು ಎಲ್ಲವನ್ನೂ ಒಟ್ಟಿಗೆ ಒಂದೇ ನೋಟದಲ್ಲಿ ನೋಡುತ್ತಿದ್ದರು. ಫೋಟೋದಲ್ಲಿ ಬರುವುದು ಅದರಲ್ಲಿ ಒಂದಂಶ ಮಾತ್ರ.

ಗುರುತಿಗೆ ಇಷ್ಟು ಜಾಗ ಕೊಡಲು ಕಾರಣ, ಗುಡ್ಡದ ಮೇಲೆ ಬೆಳೆಯುವ ಇನ್ನೊಂದು ಜರೀಗಿಡ. ಇಂಗ್ಲಿಷಿನವರು ಬ್ರಾಕೆನ್ ಎನ್ನುವ ಟೆರಿಡಿಯಮ್ ಕುಲದ್ದು. ನಮ್ಮ ಘಟ್ಟದ ಹುಲ್ಲುಗುಡ್ಡಗಳಲ್ಲೂ, ಬೆಂಕಿ ಬಿದ್ದ ಕಾಡಿನಲ್ಲೂ ಧಾರಾಳವಾಗಿದೆ. ಇದರ ಎಳೆ ಚಿಗುರೂ ಸುರುಳಿಯೇ. ಆದರೆ ಇಲ್ಲಿ ಗುಂಪು ಬುಡವಿಲ್ಲ. ನೆಲದೊಳಗೆ ಉದ್ದಕ್ಕೆ ಹರಿದ ಕಾಂಡದಿಂದ ಒಂದೊಂದೇ ದಂಟು ದೂರದೂರ ಮೇಲೇಳುತ್ತದೆ, ಮೇಲೆ ಹೋಗಿ ಮೂರಾಗಿ ಕವಲೊಡೆಯುತ್ತದೆ, ಮೈಮೇಲೆ ಸಿಪ್ಪೆಯ ಬದಲು ನವಿರಾದ ರೋಮ. ಇದರಲ್ಲಿರುವ ಟಾಕ್ವಿಲೋಸೈಡ್ ಎಂಬ ರಾಸಾಯನಿಕವನ್ನು 1983ರಲ್ಲಿ ಜಪಾನ್ ಮತ್ತು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಬೇರ್ಪಡಿಸಿದರು. ಕ್ಯಾನ್ಸರ್ ತರುವ ಗುಣ ಅದಕ್ಕಿದೆ. ಹಿಮಾಲಯದ ತಪ್ಪಲಲ್ಲಿ ಇದನ್ನು ಮೇಯ್ದ ದನಗಳ ಮೂತ್ರದಲ್ಲಿ ರಕ್ತ ಹೋಗುವ ಕಾಯಿಲೆಯನ್ನು ಪಶುವೈದ್ಯರು ಬಹಳ ಕಾಲದಿಂದ ಕಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಗಿಡವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿ ಇಟ್ಟಿದೆ. ಜಪಾನೀಯರು ಇದನ್ನೂ ತಿನ್ನುತ್ತಾರೆ ನಿಜ. ಬೂದಿಯಲ್ಲೋ ಅಡುಗೆ ಸೋಡಾದಲ್ಲೋ ಬಿಸಿನೀರು ಹಾಕಿ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಆಮೇಲೆ ತಿನ್ನುತ್ತಾರೆ. ಹಾಗೆ ಮಾಡಿದರೆ ವಿಷ ಬಹಳಷ್ಟು ಇಳಿಯುತ್ತದೆ. ಅವರ ತಿನಿಸನ್ನು ನೋಡಿ, ಅವರ ಕ್ರಮ ಬಿಟ್ಟು, ಗುಡ್ಡದ ಸುರುಳಿ ಕಿತ್ತು ಬಾಣಲೆಗೆ ಹಾಕುವುದು ಅಪಾಯ.

ಇನ್ನೊಂದು ಜರೀಗಿಡ ನಮ್ಮ ಊರಿನ ಹಳೆಯ ಗೋಡೆಗಳ ಗಾರೆಯಲ್ಲಿ, ಬಾವಿಕಟ್ಟೆಯಲ್ಲಿ ಬೆಳೆಯುತ್ತದೆ. ಟೆರಿಸ್ ವಿಟ್ಟಾಟ. ನೋಡಲು ಚೆಂದ. 2001ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಇದು ಮಣ್ಣಿನಲ್ಲಿರುವ ಆರ್ಸೆನಿಕನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆಂದು ತೋರಿಸಿದರು. ಕೆಟ್ಟ ಮಣ್ಣು ಶುದ್ಧ ಮಾಡಲು ಒಳ್ಳೆಯ ಗಿಡ, ಊಟದ ತಟ್ಟೆಗೆ ಅಲ್ಲ.

ಗಿಡ ಸರಿಯಾಗಿದ್ದೂ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ಕಥೆಯಿದೆ. ಮರುಭೂಮಿಯ ನಾಡಿನಲ್ಲಿ ಕೂತು ಓದುವ ನಮ್ಮಂಥವರಿಗೆ ಅದು ಇನ್ನಷ್ಟು ತಟ್ಟುತ್ತದೆ. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬಿಬ್ಬರು ಮೆಲ್ಬರ್ನ್‌ನಿಂದ ಹೊರಟು ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವ ಯಾತ್ರೆಯ ಮುಂದಾಳುಗಳಾಗಿದ್ದರು. ಹಿಂದಿರುಗುವಾಗ ಕೂಪರ್ ಕ್ರೀಕ್ ಎಂಬಲ್ಲಿ ಆಹಾರ ಮುಗಿಯಿತು. ಅಲ್ಲಿನ ಮೂಲನಿವಾಸಿ ಯಾಂಡ್ರುವಂಧ ಜನ ನಾರ್ಡೂ ಎಂಬ ನೀರಿನ ಜರೀಗಿಡದ ಬೀಜಕಕಾಯಿಗಳನ್ನು ಹಿಟ್ಟು ಮಾಡಿ ತಿನ್ನುತ್ತಿದ್ದರು. ಇವರೂ ಅದನ್ನೇ ತಿಂದರು. ಹೊಟ್ಟೆ ತುಂಬಿತು, ಆದರೆ ದಿನದಿನಕ್ಕೂ ಕಾಲು ಸೋತವು, ಮೈ ಇಳಿಯಿತು. 1861ರಲ್ಲಿ ಇಬ್ಬರೂ ಸತ್ತರು. ನಾರ್ಡೂವಿನಲ್ಲಿ ಬಿ1 ಜೀವಸತ್ವವನ್ನು ನಾಶ ಮಾಡುವ ಕಿಣ್ವವಿದೆ. ಮೂಲನಿವಾಸಿಗಳು ಹುರಿದು, ಅರೆದು, ನೀರಿನಲ್ಲಿ ಕದಡಿ ಹದ ಮಾಡುತ್ತಿದ್ದರು. ಆ ಹದ ಇವರಿಗೆ ತಿಳಿದಿರಲಿಲ್ಲ, ಸಾವಿಗೆ ಅದೂ ಕಾರಣವಾಯಿತು ಎಂದು ಅನೇಕ ತಜ್ಞರ ಅಭಿಪ್ರಾಯ. ಜೊತೆಯಲ್ಲಿದ್ದ ಕಿಂಗ್ ಎಂಬಾತ ಮಾತ್ರ ಬದುಕಿದ. ಯಾಂಡ್ರುವಂಧ ಜನ ಅವನನ್ನು ತಮ್ಮ ಜೊತೆ ಇಟ್ಟುಕೊಂಡು ತಾವು ತಿನ್ನುವುದನ್ನೇ ತಿನ್ನಿಸಿದ್ದರು. ನಾರ್ಡೂ ಮಾರ್ಸಿಲಿಯ ಕುಲದ್ದು. ಅದೇ ಕುಲದ ನಾಲ್ಕೆಲೆಯ ಗಿಡ ನಮ್ಮ ಗದ್ದೆ ಕೆರೆಗಳಲ್ಲೂ ಇದೆ. ತಮಿಳರು ಆರೈಕೀರೈ ಎಂದು, ಬಂಗಾಳಿಗಳು ಸುಷ್ನಿ ಶಾಕ್ ಎಂದು ಬೇಯಿಸಿ ತಿನ್ನುತ್ತಾರೆ.

ತೆರ್ಮೆಗೆ ಮರಳೋಣ. ಕೊಡಗಿನಲ್ಲಿ ಬೇಸಿಗೆಯ ಕೊನೆಯ ಮಳೆ ಬಿದ್ದ ಮೇಲೆ ಚಿಗುರಲು ಶುರುವಾದರೆ ಕಕ್ಕಡ ತಿಂಗಳವರೆಗೂ, ಅಂದರೆ ಆಗಸ್ಟ್ ನಡುವಿನವರೆಗೂ ಸಿಗುತ್ತದೆ. ನಾಟಿಯ ಕೆಲಸದ ದಿನಗಳು ಅವು. ಮಳೆ ಹಿಡಿದು ಬಿಡದು, ಸಂತೆಗೆ ಹೋಗಲಾಗದು, ಹಿತ್ತಲ ತರಕಾರಿ ಕೊಳೆತುಹೋಗುತ್ತದೆ. ಆಗ ಮನೆ ನಡೆಸುತ್ತಿದ್ದದ್ದು ಕಾಡು ಮತ್ತು ತೋಡು. ಬಿದಿರಿನ ಕಳಲೆ, ಅಣಬೆ, ಕೆಸುವಿನ ಎಲೆ, ತೆರ್ಮೆ. ಕಕ್ಕಡ ಹದಿನೆಂಟಕ್ಕೆ, ಆಗಸ್ಟ್ 3ರಂದು, ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ. ಗದ್ದೆಯಿಂದ ಮನೆಗೆ ಬರುವ ಹೆಂಗಸರು ದಾರಿಯಲ್ಲೇ ತೆರ್ಮೆ ಮುರಿದು ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಸೊಪ್ಪಿಗೆಂದೇ ಯಾರೂ ಹೊರಡುತ್ತಿರಲಿಲ್ಲ.

ಮಾಡುವ ಬಗೆ ಸರಳ, ಆದರೆ ಕ್ರಮ ಬಿಡಬಾರದು. ತಂದ ದಿನವೇ ಮಾಡಬೇಕು, ಮಾರನೆಯ ದಿನಕ್ಕೆ ದಂಟು ನಾರಾಗುತ್ತದೆ. ಸಿಪ್ಪೆಯನ್ನೆಲ್ಲ ಒರೆಸಿ ತೆಗೆದು ನಾಲ್ಕೈದು ನೀರಿನಲ್ಲಿ ತೊಳೆಯಬೇಕು. ಸುರುಳಿಯೊಳಗೆ ಮರಳು ಕೂತಿರುತ್ತದೆ, ಅದನ್ನು ಬಿಚ್ಚಿಯೇ ತೊಳೆಯಬೇಕು. ಮುರಿಯುವಷ್ಟು ಎಳೆಯ ಭಾಗವನ್ನು ಬೆರಳುದ್ದಕ್ಕೆ ತುಂಡು ಮಾಡಿ. ಹೆಚ್ಚುವಾಗ ಬೆರಳ ತುದಿ ಕಪ್ಪಾಗುತ್ತದೆ, ತುಂಡುಗಳೂ ಕಂದಾಗುತ್ತವೆ, ಕೆಟ್ಟಿತೆಂದು ಗಾಬರಿ ಬೇಡ. ಧಾರಾಳ ನೀರಿಗೆ ಉಪ್ಪು ಹಾಕಿ ಕುದಿ ಬಂದ ಮೇಲೆ ಸೊಪ್ಪು ಹಾಕಿ ಚೆನ್ನಾಗಿ ಬೇಯಿಸಿ, ಆ ನೀರನ್ನು ಚೆಲ್ಲಿ. ಆಮೇಲೆ ಎಣ್ಣೆಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ, ಸೂಜಿಮೆಣಸು. ಬೆಂದ ಸೊಪ್ಪು ಹಾಕಿ ತಿರುವಿ, ಮೇಲೆ ತೆಂಗಿನ ತುರಿ. ಇಳಿಸುವ ಮುನ್ನ ಎರಡು ತೊಟ್ಟು ಕಾಚಂಪುಳಿ ಎಂಬ ಕೊಡಗಿನ ಹುಳಿ. ಜೊತೆಗೆ ಬಿಸಿ ಅಕ್ಕಿ ರೊಟ್ಟಿ. ತಿನ್ನುವಾಗ ನುಗ್ಗೆ ಸೊಪ್ಪಿನ ಘಾಟಾಗಲಿ ಬಸಳೆಯಷ್ಟು ಲೋಳೆಯಾಗಲಿ ಇಲ್ಲ. ಎರಡರ ನಡುವಿನ ಒಂದು ಹದ, ಕಡಿದಾಗ ಸಣ್ಣ ಕರುಕುರು. ನನ್ನ ಮಟ್ಟಿಗೆ ಮಳೆಗಾಲದ ಸೊಪ್ಪುಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ.

ಆ ಮೊದಲ ನೀರು ಚೆಲ್ಲುವ ಮಾತಿಗೆ ಈಗಿನ ಅಡುಗೆಯವರು ತಕರಾರು ತೆಗೆಯುತ್ತಾರೆ. ಸತ್ವವೆಲ್ಲ ಹೋಗುತ್ತದಲ್ಲ ಎಂದು. ಅವರಿಗೆ 1994ರ ಒಂದು ಘಟನೆ ಹೇಳಬೇಕು. ಆ ವರ್ಷ ನ್ಯೂಯಾರ್ಕ್ ರಾಜ್ಯ ಮತ್ತು ಪಶ್ಚಿಮ ಕೆನಡಾದ ಹೋಟೆಲುಗಳಲ್ಲಿ ಜರೀಗಿಡದ ಸುರುಳಿ ತಿಂದ ಹಲವರು ವಾಂತಿ, ಭೇದಿಯಿಂದ ನರಳಿದರು. ಅಲ್ಲಿನದು ಆಸ್ಟ್ರಿಚ್ ಫರ್ನ್ ಎಂಬ ಬೇರೆ ಜಾತಿ, ತಲೆಮಾರುಗಳಿಂದ ಜನ ತಿನ್ನುತ್ತ ಬಂದದ್ದು. ವಿಚಾರಿಸಿ ನೋಡಿದರೆ ಕಾಯಿಲೆ ಬಿದ್ದವರು ತಿಂದದ್ದು ಹಸಿಯಾಗಿ ಅಥವಾ ಬಾಣಲೆಯಲ್ಲಿ ಸ್ವಲ್ಪ ಬಾಡಿಸಿ ಕೊಟ್ಟದ್ದನ್ನು. ಮೊದಲು ಹತ್ತು ನಿಮಿಷ ಕುದಿಸಿ ಆಮೇಲೆ ಹುರಿದು ಬಡಿಸಿದ ಹೋಟೆಲಿನಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಯಾವ ವಸ್ತು ಈ ತೊಂದರೆ ಕೊಟ್ಟಿತೆಂದು ವಿಜ್ಞಾನಿಗಳು ಕೊನೆಗೂ ಪತ್ತೆಹಚ್ಚಲಿಲ್ಲ. ಕೆನಡಾದ ಆರೋಗ್ಯ ಇಲಾಖೆ ಈಗಲೂ 15 ನಿಮಿಷ ಕುದಿಸಿ, ಇಲ್ಲವೇ 10ರಿಂದ 12 ನಿಮಿಷ ಹಬೆಯಲ್ಲಿ ಬೇಯಿಸಿ, ನೀರನ್ನು ಚೆಲ್ಲಿ ಎಂದೇ ಹೇಳುತ್ತದೆ. ನಮ್ಮ ಹಿರಿಯರ ಕ್ರಮವೂ ಅದೇ. ತೆರ್ಮೆಯಲ್ಲಿ ನಾರಿದೆ, ಕಬ್ಬಿಣವಿದೆ, ಬೀಟಾ ಕೆರೋಟಿನ್ ಇದೆ, ಒಳ್ಳೆಯ ಸೊಪ್ಪು. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಕ್ಯಾನ್ಸರ್ ಹೋಗುತ್ತದೆ ಎಂದು ಬರುವ ವೀಡಿಯೋಗಳನ್ನು ನಂಬಬೇಡಿ. ಮಾತ್ರೆ ಬಿಟ್ಟು ಸೊಪ್ಪು ತಿಂದವರು ಆಸ್ಪತ್ರೆ ಸೇರುತ್ತಾರೆ.

ಇಷ್ಟೆಲ್ಲ ಕೊಡಗಿನ ಮಾತಾಯಿತು. ಅಬು ಹಲೀಫಾದಲ್ಲಿ ಇರುವುದರಿಂದ ನನಗೆ ತಿಳಿದದ್ದು ಇನ್ನೊಂದಿದೆ. ಅಹ್ಮದಿ ಪ್ರಾಂತ್ಯದ ಈ ಕಡಲತಡಿಯ ಊರಲ್ಲಿ, ಪಕ್ಕದ ಮಹಬೂಲಾದಲ್ಲಿ, ಒಂದೇ ಕಟ್ಟಡದ ಮೆಟ್ಟಿಲಲ್ಲಿ ಏಳೆಂಟು ದೇಶದವರು ಎದುರಾಗುತ್ತಾರೆ. ಊರಿಂದ ಬಂದ ತೆರ್ಮೆಯ ಫೋಟೋವನ್ನು ನಮ್ಮ ಮಹಡಿಯ ಫಿಲಿಪ್ಪೀನಿ ಹೆಂಗಸಿಗೆ ಒಮ್ಮೆ ತೋರಿಸಿದೆ. ಆಕೆ ಫೋನನ್ನೇ ಕಸಿದುಕೊಂಡಳು. "ಪಾಕೋ! ಎಲ್ಲಿ ಸಿಕ್ಕಿತು?" ಅವರಲ್ಲಿ ಇದನ್ನು ಕುದಿನೀರಲ್ಲಿ ಬೇಯಿಸಿ ತೆಗೆದು, ಟೊಮೇಟೊ, ಈರುಳ್ಳಿ, ಉಪ್ಪಿನಲ್ಲಿಟ್ಟ ಮೊಟ್ಟೆ, ವಿನೆಗರ್ ಬೆರೆಸಿ ಕೋಸಂಬರಿಯ ಹಾಗೆ ತಿನ್ನುತ್ತಾರೆ. ಕೆಳಗಿನ ಬಕಾಲಾದ, ಅಂದರೆ ದಿನಸಿ ಅಂಗಡಿಯ, ಸಿಲ್ಹೆಟ್ ಕಡೆಯ ಹುಡುಗ ಅದೇ ಚಿತ್ರ ನೋಡಿ, "ಭಾಯಿ, ಇದು ಢೆಕಿ ಶಾಕ್, ನಮ್ಮ ಅಮ್ಮ ಸೀಗಡಿ ಹಾಕಿ ಮಾಡ್ತಾಳೆ" ಎಂದ. ವಯನಾಡಿನ ಮಲಯಾಳಿಗಳು ಚುರುಳಿ ಎನ್ನುತ್ತಾರೆ, ಅವರ ತೋರನ್ ನಮ್ಮ ಪಲ್ಯಕ್ಕೆ ಹತ್ತಿರ. ನೇಪಾಳದವರಿಗೆ ನಿಗುರೊ, ಡಾರ್ಜಿಲಿಂಗ್ ಕಡೆ ಚುರ್ಪಿ ಎಂಬ ಗಿಣ್ಣು ಬೆರೆಸಿ ಬೇಯಿಸುತ್ತಾರೆ. ಅಸ್ಸಾಮಿನಲ್ಲಿ ಢೆಕಿಯಾ ಇಲ್ಲದೆ ಬಿಹುವಿನ ನೂರೊಂದು ಸೊಪ್ಪಿನ ಅಡುಗೆ ಆಗದು. ಸುಮಾತ್ರಾದ ಮಿನಾಂಗ್‌ಕಬಾವ್ ಜನ ಅರಿಶಿನ, ತೆಂಗಿನ ಹಾಲು ಹಾಕಿ ಗುಲಾಯಿ ಎಂಬ ಸಾರು ಮಾಡುತ್ತಾರೆ. ಮಲೇಷ್ಯಾದ ಸರಾವಾಕ್‌ನಲ್ಲಿ ಮಿದಿನ್ ಎಂಬುದು ಹೋಟೆಲಿಗೆ ಹೋದವರೆಲ್ಲ ಕೇಳಿ ತರಿಸುವ ತಿನಿಸು, ಅದು ಮಾತ್ರ ಬೇರೆ ಜರೀಗಿಡ, ಸ್ಟೆನೋಕ್ಲೀನ.

ಗಮನಿಸಿ, ಇವರೆಲ್ಲ ಇದನ್ನು ಒಬ್ಬರಿಂದ ಒಬ್ಬರು ಕಲಿತವರಿರಲಾರರು. ಕೊಡಗಿನಿಂದ ಪೆಸಿಫಿಕ್ ದ್ವೀಪಗಳವರೆಗೆ ಮಳೆ, ತೋಡು, ಗದ್ದೆ ಇರುವಲ್ಲೆಲ್ಲ ಈ ಗಿಡ ಹಬ್ಬಿದೆ. ನೂರಾರು ಜರೀಗಿಡಗಳ ನಡುವೆ ಇದೇ ತಿನ್ನುವಂಥದು ಎಂದು ಅಲ್ಲಲ್ಲಿಯ ಹೆಂಗಸರು ಕಂಡುಕೊಂಡು, ಮಗಳಿಗೆ, ಸೊಸೆಗೆ ತೋರಿಸಿಕೊಟ್ಟಿದ್ದಾರೆ. ಹೆಚ್ಚಿನವರು ಬೇಯಿಸಿಯೇ ತಿನ್ನುತ್ತಾರೆ. ಇಷ್ಟು ದೇಶಗಳ ಅಡುಗೆಮನೆಗಳು ಒಂದೇ ತೀರ್ಮಾನಕ್ಕೆ ಬಂದಿರುವುದು ನನಗೆ ಯಾವ ಪ್ರಯೋಗಾಲಯದ ವರದಿಗಿಂತ ಕಡಿಮೆಯದೆನಿಸುವುದಿಲ್ಲ.

ಆದರೆ ಕುವೈತಿನ ನೆಲದಲ್ಲಿ ತೆರ್ಮೆ ತಾನಾಗಿ ಬೆಳೆಯುವ ಮಾತಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಇಲ್ಲಿ ನೂರು ಚಿಲ್ಲರೆ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ದಾಖಲಾದ 53.9 ಡಿಗ್ರಿ ಏಷ್ಯಾದಲ್ಲೇ ಅತಿ ಹೆಚ್ಚಿನದೆಂದು ವಿಶ್ವ ಹವಾಮಾನ ಸಂಸ್ಥೆ ಒಪ್ಪಿದೆ. ಬಿಸಿಲೊಂದೇ ಅಡ್ಡಿಯಲ್ಲ. ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಹಿಂದಿನ ಕಂದು ಗೆರೆಯಿಂದ ಉದುರಿದ ಬೀಜಕ ಒದ್ದೆ ನೆಲದಲ್ಲಿ ಬಿದ್ದು, ಮೊದಲು ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಒಂದು ತೆಳು ಹಸಿರು ಹಾಳೆಯಾಗುತ್ತದೆ. ಅದು ಬೇರೆಯೇ ಬದುಕು. ಗಂಡು ಕಣ, ಹೆಣ್ಣು ಕಣ ಹುಟ್ಟುವುದು ಅದರ ಅಡಿಯಲ್ಲಿ. ಗಂಡು ಕಣ ಹೆಣ್ಣು ಕಣವಿರುವಲ್ಲಿಗೆ ನೀರಿನಲ್ಲಿ ಈಜಿಯೇ ಹೋಗಬೇಕು. ಒಂದು ತೆಳು ಪದರದಷ್ಟಾದರೂ ನೀರಿಲ್ಲದಿದ್ದರೆ ಮುಂದಿನ ಗಿಡವೇ ಇಲ್ಲ. ಜರ್ಮನಿಯ ಹಾಫ್‌ಮೈಸ್ಟರ್ ಈ ಎರಡು ಬದುಕಿನ ಸರದಿಯನ್ನು 1851ರಲ್ಲಿ ವಿವರಿಸಿದ ಮೇಲೆ ತೆರ್ಮೆಯಂಥ ಜರೀಗಿಡ ತೋಡಿನ ಅಂಚನ್ನು ಬಿಡದ ಗುಟ್ಟು ತಿಳಿಯಿತು.

ಬೇರು ತಂದು ಕುಂಡದಲ್ಲಿ ನೆಡುತ್ತೇವೆ ಎನ್ನುವವರಿಗೆ ಒಂದು ಮಾತು. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಮಣ್ಣು ಬೇರು ಸಮೇತ ಗಿಡ ತರಬೇಡಿ. ತೊಂದರೆ ನಿಮಗೂ ಹೌದು, ನೆಲಕ್ಕೂ ಹೌದು. ಇದೇ ತೆರ್ಮೆ ಅಮೆರಿಕದ ಫ್ಲೋರಿಡಾಕ್ಕೆ ಹೋಗಿ ಅಲ್ಲಿನ ಜೌಗುಗಳಿಗೆ ನುಗ್ಗಿ, ಆಕ್ರಮಣಕಾರಿ ಕಳೆಗಳ ಪಟ್ಟಿ ಸೇರಿದೆ. ತಿನ್ನುವ ಆಸೆಯಿದ್ದರೆ ಊರಲ್ಲೇ ಬೇಯಿಸಿ, ನೀರು ಹಿಂಡಿ, ಫ್ರೀಜರಿನಲ್ಲಿ ಗಟ್ಟಿ ಮಾಡಿಸಿ ಮಂಗಳೂರು ವಿಮಾನದಲ್ಲಿ ತರುವವರಿದ್ದಾರೆ. ಕರುಕುರು ಹೋಗಿರುತ್ತದೆ, ರುಚಿ ಸುಮಾರಾಗಿ ಉಳಿಯುತ್ತದೆ. ಜಪಾನೀಯರು ಜೆನ್ಮಾಯ್ ಎಂಬ ಜರೀಗಿಡವನ್ನು ಬೇಯಿಸಿ, ಕೈಯಲ್ಲಿ ಉಜ್ಜಿ, ಬಿಸಿಲಿಗೆ ಒಣಗಿಸಿ ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ಕೊಡಗಿನ ಮಳೆಗಾಲದಲ್ಲಿ ಒಣಗಿಸಲು ಬಿಸಿಲೆಲ್ಲಿ?

ಕುವೈತಿಗೂ ತನ್ನದೇ ಕಾಡು ತಿನಿಸಿದೆ, ಇಲ್ಲಿಯವರಿಗೆ ಅದರ ಮೇಲೆ ನಮಗೆ ತೆರ್ಮೆಯ ಮೇಲಿರುವಷ್ಟೇ ಪ್ರೀತಿ. ಫಗಾ ಎನ್ನುತ್ತಾರೆ, ಮರಳಿನಡಿ ಹುಟ್ಟುವ ಅಣಬೆ. ಅಕ್ಟೋಬರ್ ನಡುವಿನಿಂದ ಶುರುವಾಗುವ ವಸ್ಮ್ ಎಂಬ ಕಾಲದಲ್ಲಿ ಸರಿಯಾದ ಮಳೆ ಬಿದ್ದರೆ ಚಳಿಗಾಲದ ಕೊನೆಗೆ ಫಗಾ ಸಿಗುತ್ತದೆ. ಬಿಳಿಯದು ಜುಬೈದಿ, ಕೆಂಪು ಛಾಯೆಯದು ಖಲಾಸಿ. ರಗ್ರೂಗ್ ಎಂಬ ಸಣ್ಣ ಪೊದೆಯ ಬೇರಿನ ಜೊತೆ ಇದಕ್ಕೆ ನಂಟು. ಬಲ್ಲ ಬದೂ ಮುದುಕ ಆ ಪೊದೆ ನೋಡುತ್ತಾನೆ, ಪಕ್ಕದ ಮರಳು ಕೂದಲೆಳೆಯಷ್ಟು ಬಿರಿದು ಉಬ್ಬಿರುವುದನ್ನು ನೋಡುತ್ತಾನೆ, ಅಲ್ಲಿ ಅಗೆಯುತ್ತಾನೆ. ಅವರ ಮಕ್ಕಳೂ ಈಗ ಹೆಚ್ಚಾಗಿ ಮಾರುಕಟ್ಟೆಯಿಂದಲೇ ಕೊಳ್ಳುತ್ತಾರೆ. ಆದರೂ ಮಳೆ ಬಿದ್ದ ವರ್ಷ ಕುಟುಂಬಗಳು ಅಜ್ಜನನ್ನು ಕೂರಿಸಿಕೊಂಡು ಮರುಭೂಮಿಗೆ ಹೋಗುವುದನ್ನು ಬಿಟ್ಟಿಲ್ಲ. ನನಗೆ ಅದು ಬಹಳ ಹಿಡಿಸಿತು.

ನಮ್ಮ ಕಡೆ ಹೋಗಿ ನೋಡಲು ತೋಡುಗಳೇ ಕಡಿಮೆಯಾಗುತ್ತಿವೆ. ಕೊಡಗಿನಲ್ಲಿ ಭತ್ತದ ಗದ್ದೆ ವರ್ಷದಿಂದ ವರ್ಷಕ್ಕೆ ಪಾಳು ಬೀಳುತ್ತಿದೆ, ಕೆಲವು ಕಡೆ ಶುಂಠಿಗೆ, ಬಾಳೆಗೆ, ಕಟ್ಟಡಕ್ಕೆ ಹೋಗಿದೆ. ಗದ್ದೆ ಹೋದರೆ ಅದರ ಕಾಲುವೆಯೂ ಹೋಯಿತು, ಕಾಲುವೆಯ ತೆರ್ಮೆಯೂ ಹೋಯಿತು. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಗುಡ್ಡಗಳು ಕುಸಿದಾಗ ಎಷ್ಟೋ ಹಳ್ಳಗಳು ಹೂಳು ತುಂಬಿ ದಿಕ್ಕು ಬದಲಿಸಿದವು. ಗುಡ್ಡದ ಕುಸಿತಕ್ಕಿಂತ ಸದ್ದಿಲ್ಲದೆ ಕೊಲ್ಲುತ್ತಿರುವುದು ಕಳೆನಾಶಕ. ಕೂಲಿಗೆ ಜನ ಸಿಗುವುದಿಲ್ಲ, ತೋಟದ ಮಾಲೀಕರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ತೋಡಿನ ಅಂಚಿನವರೆಗೂ ಗ್ಲೈಫೋಸೇಟ್ ಹೊಡೆದರೆ ತೆರ್ಮೆ, ಒಂದೆಲಗ, ಕೆಸು ಎಲ್ಲ ಒಟ್ಟಿಗೆ ಸುಡುತ್ತವೆ. ಉಳಿದ ಗಿಡದಲ್ಲೂ ಔಷಧಿಯ ಶೇಷ ಇರಬಹುದು. ಹಾಗಾಗಿ ಗುರುತು ಸರಿಯಿದ್ದರೂ ಮೇಲ್ಗಡೆ ಏನು ಸಿಂಪಡಿಸಿದ್ದಾರೆ, ಯಾವ ಚರಂಡಿ ಸೇರುತ್ತದೆ ಎಂದು ವಿಚಾರಿಸದೆ ಕೀಳಬೇಡಿ. ತೋಟವಿರುವ ಓದುಗರಲ್ಲಿ ನನ್ನ ವಿನಂತಿ, ನೀರಿನ ಎರಡೂ ದಡದಲ್ಲಿ ಕೆಲವು ಅಡಿ ಜಾಗವನ್ನು ಔಷಧಿ ಮುಟ್ಟದೆ ಬಿಡಿ. ಅಲ್ಲಿ ಕತ್ತಿಯಿಂದಲೇ ಕಳೆ ಸವರಿಸಿ.

ಕುವೈತಿನ ಭಾರತೀಯ ಶಾಲೆಗಳಿಗೆ ಬೇಸಿಗೆ ರಜೆ ಜೂನಿನಿಂದ ಆಗಸ್ಟ್ ಕೊನೆಯವರೆಗೆ. ತೆರ್ಮೆ ಚಿಗುರುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಊರಲ್ಲಿ ಓದುವ ಮಕ್ಕಳು ಆಗ ತರಗತಿಯಲ್ಲಿರುತ್ತಾರೆ. ತೋಡಿಗೆ ಇಳಿಯಲು ಪುರುಸೊತ್ತಿರುವುದು ನಮ್ಮ ಮಕ್ಕಳಿಗೇ. ಈ ಸಲ ಹೋದಾಗ ಅವರನ್ನು ಮಾಲ್‌ಗೆ ಕರೆದುಕೊಂಡು ಹೋಗುವ ದಿನಗಳಲ್ಲಿ ಒಂದನ್ನು ಉಳಿಸಿ. ಮನೆಯಲ್ಲೋ ನೆರೆಯಲ್ಲೋ ಈ ಸೊಪ್ಪು ಕಿತ್ತು ಬೇಯಿಸಿ ಬಲ್ಲ ಅಜ್ಜಿಯೊಬ್ಬರು ಇದ್ದೇ ಇರುತ್ತಾರೆ, ಅವರ ಜೊತೆ ಮಕ್ಕಳನ್ನು ಕಳಿಸಿ, ನೀವೂ ಹೋಗಿ. ಮಕ್ಕಳ ಕೈಯಿಂದಲೇ ಸಿಪ್ಪೆ ಒರೆಸಿಸಿ, ದಂಟು ಮುರಿಸಿ, ಎಲೆ ತಿರುಗಿಸಿ ಹಿಂಬದಿಯ ಗೆರೆ ತೋರಿಸಿ. ಗುಡ್ಡದ ಜರೀಗಿಡವನ್ನೂ ತೋರಿಸಿ ಇದು ಬೇಡ ಎನ್ನಿ. ಒಂದು ಬುಡದಿಂದ ಎರಡು ಮೂರು ಚಿಗುರಿಗಿಂತ ಹೆಚ್ಚು ತೆಗೆಯಬೇಡಿ, ಉಳಿದದ್ದು ಬಲಿತು ಬೀಜಕ ಬಿಡಲಿ. ಅನುಮಾನ ಬಂದ ಗಿಡವನ್ನು ಅಲ್ಲೇ ಬಿಟ್ಟು ಬನ್ನಿ, ಫೋಟೋ ಕಳಿಸಿ ನಮ್ಮನ್ನು ಕೇಳಬೇಡಿ. ತಂದದ್ದನ್ನು ಹದಿನೈದು ನಿಮಿಷ ಕುದಿಸಿ, ಆ ನೀರು ಚೆಲ್ಲಿ, ಆಮೇಲೆ ಒಗ್ಗರಣೆಗೆ ಹಾಕಿ.